ತಾರಸಿಯ ಗರಿಷ್ಠ–ಕನಿಷ್ಠ ಉಷ್ಣಮಾಪಕ: ಒಂಬತ್ತು ವರ್ಷಗಳ ಬಳಕೆಯ ನಂತರ

2016ರ ಏಪ್ರಿಲ್ 24ರಂದು ಬೆಂಗಳೂರು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಅದಕ್ಕೆ ಮೊದಲು ಈ ಊರಿನ ಅತಿ ಹೆಚ್ಚಿನ ಉಷ್ಣಾಂಶವೆಂದರೆ 1931ರ ಮೇ ತಿಂಗಳಿನ 38.9 ಡಿಗ್ರಿ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಇದೇ ಮಾತು. ತ್ಯಾಗರಾಜನಗರದ ಈ ಮನೆಯನ್ನು ಕಟ್ಟಿಸುವಾಗ ಫ್ಯಾನಿಗೆಂದು ಸೂರಿನಲ್ಲಿ ಒಂದು ಕೊಕ್ಕೆಯನ್ನೂ ಬಿಡಿಸಿರಲಿಲ್ಲವೆಂದು ತಂದೆಯವರು ನೆನೆದರೆ, ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದ ಚಿಕ್ಕಪ್ಪನವರು, "ಎಂಬತ್ತೈದು ವರ್ಷಕ್ಕೆ ಏರಿದ್ದು 0.3 ಡಿಗ್ರಿ ತಾನೇ, ಅದಕ್ಕೇಕೆ ಇಷ್ಟು ಗಾಬರಿ?" ಎಂದು ಕೇಳಿದರು. ಇಬ್ಬರಿಗೂ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ಶನಿವಾರ ಚಿಕ್ಕಪೇಟೆಯ ಬಳಿ, ಶಾಲಾ ಕಾಲೇಜುಗಳ ಪ್ರಯೋಗಾಲಯಗಳಿಗೆ ಸಾಮಾನು ಒದಗಿಸುವ ಒಂದು ಅಂಗಡಿಗೆ ಹೋಗಿ, ಆರು ನೂರು ಚಿಲ್ಲರೆ ರೂಪಾಯಿ ಕೊಟ್ಟು ಒಂದು ಗರಿಷ್ಠ–ಕನಿಷ್ಠ ಉಷ್ಣಮಾಪಕವನ್ನು ತಂದೆ. ನಮ್ಮ ಊರಿನ ವಾರ್ಷಿಕ ಉಷ್ಣಾಂಶ ನಿಜಕ್ಕೂ ಬದಲಾಗುತ್ತಿದೆಯೇ ಎಂಬುದನ್ನು ಮನೆಯಲ್ಲೇ ತಿಳಿಯಲು ಈ ಉಪಕರಣ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬವರು ಹದಿನೆಂಟನೇ ಶತಮಾನದಲ್ಲಿ ರೂಪಿಸಿದ ಮಾದರಿಯಿದು. ಆಂಗ್ಲದ 'ಯು' ಅಕ್ಷರದಂತೆ ಬಾಗಿದ ಗಾಜಿನ ನಳಿಕೆಯಲ್ಲಿ ಮದ್ಯಸಾರವು ಹಿಗ್ಗಿ ಕುಗ್ಗಿದಂತೆ ಪಾದರಸದ ಎಳೆ ಅತ್ತಿತ್ತ ಸರಿಯುತ್ತದೆ. ಅದರ ಎರಡೂ ತುದಿಗಳು ಕೂದಲೆಳೆಯಂತಹ ಎರಡು ಉಕ್ಕಿನ ಕಡ್ಡಿಗಳನ್ನು ಮುಂದಕ್ಕೆ ತಳ್ಳಿ, ತಾವು ಹಿಂದೆ ಸರಿದರೂ ಕಡ್ಡಿಗಳನ್ನು ಅಲ್ಲಿಯೇ ಬಿಟ್ಟುಬರುತ್ತವೆ. ಬಲಗಡೆಯ ಕಡ್ಡಿ ಹಗಲಿನ ಗರಿಷ್ಠವನ್ನೂ ಎಡಗಡೆಯದು ಬೆಳಗಿನ ಜಾವದ ಕನಿಷ್ಠವನ್ನೂ ಹಿಡಿದಿಡುತ್ತವೆ. ಎಡಗಡೆಯ ಅಳತೆಪಟ್ಟಿ ತಲೆಕೆಳಗಾಗಿರುವುದರಿಂದ ಹೊಸಬರು ಅಲ್ಲಿ ತಪ್ಪುವುದು ಸಹಜ. ಕಡ್ಡಿಯ ಕೆಳತುದಿಯನ್ನೇ ಓದಬೇಕು, ಕಣ್ಣು ಅದರ ಮಟ್ಟಕ್ಕೇ ಇರಬೇಕು. ಓದಿದ ಮೇಲೆ ಜೊತೆಗೆ ಬರುವ ಪುಟ್ಟ ಅಯಸ್ಕಾಂತದಿಂದ ಎರಡೂ ಕಡ್ಡಿಗಳನ್ನು ಪಾದರಸದ ಮೇಲಕ್ಕೆ ಎಳೆದು ತರಬೇಕು. ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇದೇ.

ಮೊದಲ ತಿಂಗಳು ಇದನ್ನು ತಾರಸಿಯ ಪಶ್ಚಿಮದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಹವಾಮಾನ ಇಲಾಖೆಯ ಅಂಕಿಗಿಂತ ಐದಾರು ಡಿಗ್ರಿ ಹೆಚ್ಚು ತೋರಿಸತೊಡಗಿದಾಗ, ಉಪಕರಣವೇ ಕೆಟ್ಟದ್ದೆಂದು ಅಂಗಡಿಗೆ ಮರಳಿಸಲು ಹೊರಟಿದ್ದೆ. ದೋಷ ನನ್ನದೇ ಆಗಿತ್ತು. ಅಲ್ಲಿ ನಾನು ಅಳೆಯುತ್ತಿದ್ದದ್ದು ಬಿಸಿಲನ್ನೂ ಕಾದ ಗೋಡೆಯನ್ನೂ. ಅಳೆಯಬೇಕಾದದ್ದು ನೆರಳಿನಲ್ಲಿ ಆಡುವ ಗಾಳಿಯ ಉಷ್ಣಾಂಶವನ್ನು. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕಗಳು ಸ್ಟೀವನ್‌ಸನ್ ಪೆಟ್ಟಿಗೆಯೆಂಬ ಬಿಳಿಯ ಮರದ ಗೂಡಿನೊಳಗೆ ಇರುತ್ತವೆ. ಅದರ ನಾಲ್ಕೂ ಬದಿಗೆ ಗಾಳಿ ನುಗ್ಗಿ ಬಿಸಿಲು ನುಗ್ಗದಂತೆ ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು, ಬಾಗಿಲು ಉತ್ತರಕ್ಕೆ. ನಮ್ಮ ಬೀದಿಯ ಬಡಗಿಯಿಂದ ಅಂತಹುದೇ ಒಂದನ್ನು ಮಾಡಿಸಿ, ಬಿಳಿ ಬಣ್ಣ ಬಳಿದು, ಗೋಡೆಯಿಂದ ದೂರ ನಿಲ್ಲಿಸಿದ ಮೇಲೆ ಅಂತರವು ಒಂದು ಒಂದೂವರೆ ಡಿಗ್ರಿಗೆ ಇಳಿಯಿತು. ಪೆಟ್ಟಿಗೆಗೆ ತಗಲಿದ ಖರ್ಚು ಉಷ್ಣಮಾಪಕದ ನಾಲ್ಕು ಪಟ್ಟು. ಕೊಳ್ಳುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು, ಏಕೆಂದರೆ ಪೆಟ್ಟಿಗೆಯಿಲ್ಲದ ಉಷ್ಣಮಾಪಕ ಗೋಡೆಯ ಅಲಂಕಾರಕ್ಕೆ ಮಾತ್ರ ಸರಿ.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ಅಂದರೆ ಇಲಾಖೆಯವರು ಓದುವ ಹೊತ್ತಿಗೇ, ಎರಡೂ ಅಂಕಿಗಳನ್ನು ಬರೆದಿಡುತ್ತಿದ್ದೇನೆ. ಗರಿಷ್ಠ ಕನಿಷ್ಠಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ದಿನದ ಸರಾಸರಿ. ಅವುಗಳಿಂದ ತಿಂಗಳಿನದು, ತಿಂಗಳುಗಳಿಂದ ವರ್ಷದ್ದು. ಚಿಕ್ಕಪ್ಪನವರ ಪ್ರಶ್ನೆಗೆ ಉತ್ತರ ಹೊಳೆದದ್ದು ಈ ಲೆಕ್ಕ ಮಾಡುವಾಗಲೇ. ಒಂದು ದಿನದ ದಾಖಲೆಯು ಆ ದಿನದ ಮೋಡಕ್ಕೆ, ಗಾಳಿಗೆ, ನೆಲದ ತೇವಕ್ಕೆ ಕಟ್ಟುಬಿದ್ದದ್ದು. ಅಶ್ವಿನಿ, ಭರಣಿ ಮಳೆ ಕೈಕೊಟ್ಟ ವರ್ಷ ಏಪ್ರಿಲ್ ಸುಡುತ್ತದೆ, ಒಂದು ಹದಮಳೆ ಬಿದ್ದರೆ ಮರುದಿನವೇ ಐದು ಡಿಗ್ರಿ ಇಳಿಯುತ್ತದೆ. ಮಳೆಯಿಲ್ಲದೆ ಒಣಗಿದ 2024ರ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. 2016ರ ಬೇಸಿಗೆಯಂತೆ ಆ ಬೇಸಿಗೆಯೂ ಎಲ್ ನಿನೊದ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನದ, ಬೆನ್ನಿಗೇ ಬಂದದ್ದು. ಇಂತಹ ಏರಿಳಿತಗಳೆಲ್ಲ ಇಡೀ ವರ್ಷದ ಸರಾಸರಿಯಲ್ಲಿ ಬಹುಮಟ್ಟಿಗೆ ಒಂದನ್ನೊಂದು ಕಳೆದುಹಾಕುತ್ತವೆ. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 24 ಡಿಗ್ರಿ, ಅದು ಸುಲಭವಾಗಿ ಕದಲುವಂತಹುದಲ್ಲ. ಇಡೀ ದೇಶದ ದಾಖಲೆಯಲ್ಲಿ 1901ರಿಂದೀಚೆಗೆ ಅತ್ಯಂತ ಬಿಸಿಯಾದ 2024ರ ಸರಾಸರಿಯು 1991ರಿಂದ 2020ರವರೆಗಿನ ವಾಡಿಕೆಗಿಂತ ಹೆಚ್ಚಿದ್ದದ್ದು 0.65 ಡಿಗ್ರಿ ಮಾತ್ರ. ಒಂದು ದಿನದ ಮಟ್ಟಿಗೆ ಏನೂ ಅಲ್ಲದ 0.65, ವರ್ಷದ ಸರಾಸರಿಯ ಮಟ್ಟಿಗೆ ಬಹಳ ದೊಡ್ಡದು.

ಉಪಕರಣದ ಮಿತಿ ಎದುರಾಗುವುದೂ ಇಲ್ಲಿಯೇ. ಅದರ ಅಳತೆಪಟ್ಟಿಯಲ್ಲಿ ಗೆರೆಗಳಿರುವುದು ಡಿಗ್ರಿಗೊಂದು. ಅರ್ಧ ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ಓದಬೇಕು. 365 ಓದುಗಳ ಸರಾಸರಿಯಲ್ಲಿ ಕಣ್ಣಿನ ತಪ್ಪು ಕರಗಿಹೋಗುತ್ತದೆ, ಉಪಕರಣದ ತಪ್ಪು ಕರಗುವುದಿಲ್ಲ. ನಾಲ್ಕನೆಯ ವರ್ಷ ಪೆಟ್ಟಿಗೆಗೆ ಬಣ್ಣ ಹೊಡೆಸಲು ಕೆಳಗಿಳಿಸಿ ಮತ್ತೆ ಏರಿಸಿದಾಗ, ಎರಡು ಕಡೆಯ ಪಾದರಸವೂ ಒಂದೇ ಉಷ್ಣಾಂಶವನ್ನು ತೋರಿಸಬೇಕಿದ್ದಲ್ಲಿ, ಒಂದು ಕಡೆ 26, ಇನ್ನೊಂದು ಕಡೆ 27.5 ಕಾಣಿಸಿತು. ಕನ್ನಡಕ ತೆಗೆದು ಹತ್ತಿರದಿಂದ ನೋಡಿದರೆ, ಪಾದರಸದ ಎಳೆ ಬಾಗಿನ ಬಳಿ ತುಂಡಾಗಿ, ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಖಾಲಿ ಜಾಗ. ಹಲಗೆಯನ್ನು ಭದ್ರವಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಹಲವು ಬಾರಿ ಬೀಸಿದ ಮೇಲೆ ಎಳೆ ಕೂಡಿಕೊಂಡಿತು. ಆದರೆ ಅದು ತುಂಡಾದದ್ದು ಯಾವಾಗ ಎಂಬುದು ಗೊತ್ತಾಗದ ಕಾರಣ, ಆ ವರ್ಷದ ಲೆಕ್ಕವನ್ನೇ ಕೈಬಿಡಬೇಕಾಯಿತು. ನಾನು ಹುಡುಕುತ್ತಿದ್ದ ಬದಲಾವಣೆಗಿಂತ ಆ ತಪ್ಪೇ ದೊಡ್ಡದಾಗಿತ್ತು. ಒಂದು ವರ್ಷದ ದುಡಿಮೆ ಹೀಗೆ ಹೋದದ್ದು ಇಂದಿಗೂ ನನಗೆ ನೋವು.

ಇನ್ನೊಂದು ಪಾಠ ಪಕ್ಕದ ನಿವೇಶನದಿಂದ ಬಂತು. ಹಂಚಿನ ಮನೆಯೂ ಎರಡು ತೆಂಗಿನ ಮರ, ಒಂದು ಮಾವಿನ ಮರವೂ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಮರುವರ್ಷ ನನ್ನ ಪುಸ್ತಕದಲ್ಲಿ ಗರಿಷ್ಠಗಳು ಹೆಚ್ಚುಕಡಿಮೆ ಹಾಗೆಯೇ ಉಳಿದು ಕನಿಷ್ಠಗಳು ಏರಿದವು. ಕಾಂಕ್ರೀಟು ಮತ್ತು ಡಾಂಬರು ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿಯೆಲ್ಲ ನಿಧಾನವಾಗಿ ಬಿಡುವುದರಿಂದ ನಗರಗಳ ಶಾಖ ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ಬೆಳಗಿನ ಜಾವದ ಅಂಕಿಗಳಲ್ಲಿ. ಇದು ಬೆಂಗಳೂರಿನ ನಿಜವಾದ ಬದಲಾವಣೆಯ ಒಂದು ಭಾಗವೇ, ಏಕೆಂದರೆ ಕೆರೆ, ತೋಟಗಳಿದ್ದ ನೂರಾರು ಕಡೆ ನಡೆದದ್ದೂ ಇದೇ. ಆದರೂ ಭೂಮಿಯೇ ಬಿಸಿಯಾಗುತ್ತಿರುವುದರ ಪಾಲೆಷ್ಟು, ಪಕ್ಕದ ಕಟ್ಟಡದ ಪಾಲೆಷ್ಟು ಎಂಬುದನ್ನು ಒಂದೇ ತಾರಸಿಯ ಒಂದು ಉಪಕರಣ ಬಿಡಿಸಿ ಹೇಳಲಾರದು.

ಅದಕ್ಕೆ ಇಲಾಖೆಯ ದಾಖಲೆಗಳ ಮೊರೆಹೋಗಲೇಬೇಕು. ನಗರ ಕೇಂದ್ರ, ಎಚ್‌ಎಎಲ್ ವಿಮಾನ ನಿಲ್ದಾಣ, ದೇವನಹಳ್ಳಿಯ ವಿಮಾನ ನಿಲ್ದಾಣ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇವುಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಊರಿನ ಒಳಗೂ ಅಂಚಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಇಲಾಖೆಯ ಪುಣೆಯ ಕಚೇರಿಯು 1951ರಿಂದೀಚಿನ ದೈನಂದಿನ ಗರಿಷ್ಠ ಕನಿಷ್ಠಗಳನ್ನು ಒಂದು ಡಿಗ್ರಿ ಅಕ್ಷಾಂಶ ರೇಖಾಂಶದ ಚೌಕಗಳಾಗಿ ಉಚಿತವಾಗಿ ಕೊಡುತ್ತದೆ. ಅಂತಹ ಒಂದು ಚೌಕದ ಬದಿ ಸುಮಾರು 110 ಕಿಲೋಮೀಟರ್ ಇರುವುದರಿಂದ ನಗರದ ಶಾಖವು ಸುತ್ತಲಿನ ಹೊಲಗದ್ದೆಗಳ ನಡುವೆ ತೆಳುವಾಗುತ್ತದೆ. ಪ್ರದೇಶದ ದೀರ್ಘಕಾಲದ ಏರಿಕೆಯನ್ನು ಕಾಣಬಯಸುವವರಿಗೆ ಅದು ಅನುಕೂಲವೇ.

ಬ್ಯಾಟರಿಯ ಡಿಜಿಟಲ್ ಮಾದರಿಯನ್ನೂ ಎರಡು ವರ್ಷ ಜೊತೆಗಿಟ್ಟು ನೋಡಿದೆ. ಅದು 0.1 ಡಿಗ್ರಿಯವರೆಗೆ ಅಂಕಿ ತೋರಿಸಿದರೂ ಅದರ ಪೆಟ್ಟಿಗೆಯ ಮೇಲೆಯೇ ಒಂದು ಡಿಗ್ರಿ ಹೆಚ್ಚುಕಡಿಮೆ ಇರಬಹುದೆಂದು ಬರೆದಿತ್ತು.

ಹಾಗಾದರೆ ಕೊಳ್ಳಬೇಕೇ? ಸರಿಯಾದ ಪೆಟ್ಟಿಗೆ ಮಾಡಿಸಲು, ಹತ್ತು ವರ್ಷ ಒಂದೇ ಹೊತ್ತಿಗೆ ಓದಲು ಸಿದ್ಧರಿರುವವರು, ಅದರಲ್ಲೂ ಶಾಲೆಗಳು, ಖಂಡಿತ ಕೊಳ್ಳಬೇಕು ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. ಇಲಾಖೆಯ ಅಂಕಿ ಬಂದಾಗ ಅದನ್ನು ಹೇಗೆ ಅಳೆದಿರುತ್ತಾರೆ, ಎಲ್ಲಿ ತಪ್ಪಬಹುದು ಎಂಬುದು ಇದನ್ನು ಬಳಸಿದವರಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯದು. ಮಕ್ಕಳಿರುವ ಕಡೆ ಪಾದರಸವಿಲ್ಲದ ಮಾದರಿಯನ್ನೇ ಕೇಳಿ ಪಡೆಯಿರಿ. ಗಾಜು ಒಡೆದರೆ ಪಾದರಸ ಅಪಾಯಕಾರಿ. ಆಗುವುದಾದರೆ ಎರಡು ಕೊಂಡು ಒಂದೇ ಪೆಟ್ಟಿಗೆಯಲ್ಲಿಡಿ: ಒಂದರ ಪಾದರಸದ ಎಳೆ ತುಂಡಾದರೆ ಇನ್ನೊಂದು ಅದನ್ನು ಅಂದೇ ತೋರಿಸಿಕೊಡುತ್ತದೆ, ಹಳೆಯದನ್ನು ಬದಲಿಸುವಾಗಲೂ ಹೊಸದರ ಜೊತೆ ಒಂದು ಪೂರ್ತಿ ವರ್ಷ ಓದಿ ಅಂತರವನ್ನು ಬರೆದಿಟ್ಟುಕೊಳ್ಳಬಹುದು.