ವಿಜಯಪುರದ ಬಯಾಪ್ಸಿ ಸಂಗ್ರಹ ಕೇಂದ್ರ: ಬಾಟಲಿಗೆ ಪೂರ್ತಿ ಅಂಕ, ಬ್ಲಾಕಿಗೆ ಅರ್ಧ

ರೋಗಿಯ ದೇಹದಿಂದ ತೆಗೆದ ತುಣುಕನ್ನು (ಬಯಾಪ್ಸಿ) ನೋಡಿ ರೋಗ ಹೇಳುವ ಪ್ಯಾಥಾಲಜಿಸ್ಟ್ ಎಷ್ಟೇ ನುರಿತವರಾಗಿರಲಿ, ಕೊಳೆತ ತುಣುಕಿನಲ್ಲಿ ಕ್ಯಾನ್ಸರ್ ಓದಲಾರರು. ಅದಕ್ಕೇ ಬಯಾಪ್ಸಿ ಕೇಂದ್ರ ಹೇಗಿದೆ ಅಂತ ತಿಳಿಯಬೇಕಾದರೆ ಮೊದಲು ಅಲ್ಲಿಯ ಬಾಟಲಿ ನೋಡಬೇಕು. ಈ ಕೇಂದ್ರ (ಹೆಸರು ಬೇಡ) ಮಾದರಿಗಳನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ನರ್ಸಿಂಗ್ ಹೋಮ್‌ಗಳ ತುಣುಕುಗಳೂ ಇಲ್ಲಿಗೇ ಬರುತ್ತವೆ.

ಬಾಟಲಿ ಅಗಲ ಬಾಯಿಯದು. ಸಣ್ಣ ಮಾತಲ್ಲ ಇದು. ಮೆತ್ತಗಿದ್ದಾಗ ಇಕ್ಕಟ್ಟು ಬಾಯಿಯೊಳಗೆ ತುರುಕಿದ ಗಡ್ಡೆ, ಕೊಳೆಯದಂತೆ ಕಾಯುವ ರಾಸಾಯನಿಕ ದ್ರವವಾದ ಫಾರ್ಮಾಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದೇ ಇಲ್ಲ. ಒಳಗಿರುವುದು 10% ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್, ತುಣುಕಿನ ಗಾತ್ರದ ಕನಿಷ್ಠ 10 ಪಟ್ಟು ಇರುವಂತೆ ತುಂಬಿ ಕೊಡುತ್ತಾರೆ. ಚೀಟಿ ಅಂಟಿಸುವುದು ಬಾಟಲಿಯ ಮೈಗೆ. ಮುಚ್ಚಳಕ್ಕೆ ಅಂಟಿಸಿದರೆ ಎರಡು ಮುಚ್ಚಳ ಅದಲುಬದಲಾದಾಗ ಒಬ್ಬರ ಕ್ಯಾನ್ಸರ್ ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಫಾರ್ಮಾಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ. ಹಾಗಾಗಿ ಇಡೀ ಸ್ತನವನ್ನು ಸೀಳದೆ ಮುಳುಗಿಸಿದರೆ ಹೊರಗೆ ಗಟ್ಟಿ, ಒಳಗೆ ಕೊಳೆ. ಆಪರೇಷನ್ ಥಿಯೇಟರಿಗೇ ಫೋನ್ ಮಾಡಿ ಇದನ್ನು ನೆನಪಿಸುವ ಸಿಬ್ಬಂದಿ ಇಲ್ಲಿದ್ದಾರೆ. ಫ್ರಿಜ್ಜಿನಲ್ಲಿ, ಐಸಿನಲ್ಲಿ ಇಟ್ಟು ತರಬೇಡಿ ಅಂತಲೂ ಹೇಳುತ್ತಾರೆ. ಹೆಪ್ಪುಗಟ್ಟಿದರೆ ಜೀವಕೋಶ ಒಡೆಯುತ್ತವೆ.

ಫಾರಂನಲ್ಲಿ ಎರಡು ಸಮಯ ಬರೆಸುತ್ತಾರೆ: ತುಣುಕು ತೆಗೆದದ್ದು ಎಷ್ಟಕ್ಕೆ, ಫಾರ್ಮಾಲಿನ್‌ಗೆ ಹಾಕಿದ್ದು ಎಷ್ಟಕ್ಕೆ. ಸ್ತನ ಕ್ಯಾನ್ಸರಿಗೆ ಇದು ಬಹಳ ಮುಖ್ಯ. ಒಂದು ಗಂಟೆಯೊಳಗೆ ಫಾರ್ಮಾಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ತಪ್ಪಿದರೆ ಇಆರ್, ಪಿಆರ್ (ಹಾರ್ಮೋನ್ ಹಿಡಿದುಕೊಳ್ಳುವ ಗ್ರಾಹಿಗಳು) ಇದ್ದರೂ ಇಲ್ಲವೆಂದು ಬರಬಹುದು. ಹಾಗೆ ಬಂದರೆ ವರ್ಷಗಟ್ಟಲೆ ಕೆಲಸ ಮಾಡಬೇಕಿದ್ದ ಹಾರ್ಮೋನ್ ಮಾತ್ರೆ ರೋಗಿಯ ಕೈತಪ್ಪುತ್ತದೆ. ಕೇಂದ್ರ ಎಡವುವುದೂ ಇಲ್ಲೇ. ಭಾನುವಾರ ಕೊರಿಯರ್ ಇಲ್ಲ. ಶನಿವಾರ ಸಂಜೆ 6ಕ್ಕೆ ತೆಗೆದ ತುಣುಕಿನ 72 ಗಂಟೆ ಮಂಗಳವಾರ ಸಂಜೆಗೆ ಮುಗಿಯುತ್ತದೆ, ಸೋಮವಾರ ರಾತ್ರಿ ಹೊರಟ ಪೆಟ್ಟಿಗೆ ಬೆಂಗಳೂರಿನಲ್ಲಿ ತೆರೆಯುವುದು ಅದೇ ಹೊತ್ತಿಗೆ. ಸ್ತನದ ಬಯಾಪ್ಸಿಯನ್ನು ಸೋಮವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳುವುದೇ ಜಾಣತನ.

ಕೊರಳ ಗಂಟಿನ ವಿಷಯದಲ್ಲಿ ಕೌಂಟರಿನವರು ಇನ್ನೂ ಕಲಿಯಬೇಕು. ಕೊರಳಲ್ಲಿ ಗಂಟು ಅಂದರೆ ಟಿ.ಬಿ. ಇರಬಹುದು, ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಇರಬಹುದು, ಗುಟ್ಕಾ ತಿನ್ನುವವರಲ್ಲಿ ಬಾಯಿಯ ಕ್ಯಾನ್ಸರ್ ಹರಡಿದ್ದೂ ಇರಬಹುದು. ಫಾರ್ಮಾಲಿನ್ ಟಿ.ಬಿ. ರೋಗಾಣುವನ್ನೇ ಕೊಲ್ಲುವುದರಿಂದ ಆ ತುಣುಕನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಲಾಗದು. ಲಿಂಫೋಮಾಕ್ಕೆ ಬೇಕಾದ ಫ್ಲೋ ಸೈಟೋಮೆಟ್ರಿಗೂ (ಕೋಶಗಳ ಬಗೆ ಗುರುತಿಸುವ ಪರೀಕ್ಷೆ) ಜೀವಂತ ಕೋಶವೇ ಬೇಕು. ಹಾಗಾಗಿ ಒಂದು ಭಾಗ ಫಾರ್ಮಾಲಿನ್‌ಗೆ, ಒಂದು ಭಾಗ ಸಲೈನ್‌ಗೆ ಹೋಗಬೇಕು, ಸಲೈನ್ ಬಾಟಲಿ ಬೇಗ ಲ್ಯಾಬ್ ಸೇರಬೇಕು. ಇಲ್ಲಿ ಕೇಳದಿದ್ದರೆ ಒಂದೇ ಬಾಟಲಿ ಕೈಗಿಡುತ್ತಾರೆ. ಎರಡು ಕೇಳಿ ಪಡೆಯಿರಿ.

“ಸೂಜಿ ಹಾಕಿದ್ರ ಗಂಟು ಕೆರಳತೈತಿ” ಎಂದು ಹೆದರಿ ಬಂದವರಿಗೆ ಮಾತ್ರ ಸಾವಧಾನದಿಂದ ಉತ್ತರಿಸುತ್ತಾರೆ. ಸೂಜಿಯಿಂದ ಹರಡುವುದು ತೀರಾ ಅಪರೂಪ, ತಡ ಮಾಡಿ ಹರಡಿಸಿಕೊಂಡವರೇ ಹೆಚ್ಚು. ವೃಷಣದ ಗಡ್ಡೆಯಂಥ ಕೆಲವು ಕಡೆ ಸೂಜಿ ಹಾಕುವುದಿಲ್ಲ, ಅದು ವೈದ್ಯರಿಗೆ ಗೊತ್ತಿರುತ್ತದೆ.

ವರದಿ ಚೆನ್ನಾಗಿದೆ. ಬಾಯಿಯ ಕ್ಯಾನ್ಸರ್ ಆಪರೇಷನ್ ವರದಿಯಲ್ಲಿ ಗಡ್ಡೆ ಎಷ್ಟು ಆಳ ಇಳಿದಿದೆ, ಕತ್ತರಿಸಿದ ಅಂಚಿನಿಂದ ಎಷ್ಟು ದೂರ ಎಂಬುದನ್ನು ಮಿ.ಮೀ.ನಲ್ಲಿ ಬರೆಯುತ್ತಾರೆ. ಆಳ 5 ಮಿ.ಮೀ. ದಾಟಿದರೆ, ಗಡ್ಡೆ ಎಷ್ಟೇ ಚಿಕ್ಕದಿರಲಿ, ಅದು ಟಿ1 (ಗಡ್ಡೆಯ ಮೊದಲ ಹಂತ) ಆಗಿ ಉಳಿಯುವುದಿಲ್ಲ. ಅಂಚು 5 ಮಿ.ಮೀ.ಗಿಂತ ಹತ್ತಿರವಿದ್ದರೆ ರೇಡಿಯೇಷನ್ ಮಾತು ಬರುತ್ತದೆ. ಮೊದಲು ತೆಗೆದ ಸಣ್ಣ ಪಂಚ್ ಬಯಾಪ್ಸಿಯಲ್ಲಿ ಈ ಆಳ ಸಿಗುವುದಿಲ್ಲ, ಅದಕ್ಕೆ ಕೌಂಟರಿನಲ್ಲಿ ಜಗಳ ತೆಗೆಯಬೇಡಿ. ಸ್ತನದ ವರದಿಯಲ್ಲಿ ಹರ್‌2 (ಕ್ಯಾನ್ಸರ್ ಬೆಳೆಸುವ ಒಂದು ಪ್ರೋಟೀನ್) ‘2+’, ಅಂದರೆ ಖಚಿತವಿಲ್ಲ ಎಂದು ಬಂದರೆ ಅದರ ಜೀನ್ ನೋಡುವ ಫಿಶ್ ಪರೀಕ್ಷೆ ಬೇಕೆಂದು ತಾವೇ ಬರೆಯುತ್ತಾರೆ. ಅದು ಅದೇ ಬ್ಲಾಕಿನಿಂದ ಆಗುತ್ತದೆ, ಮತ್ತೆ ಸೂಜಿ ಬೇಡ.

ಬ್ಲಾಕ್ ಅಂದರೆ ತುಣುಕನ್ನು ಕೂರಿಸಿದ ಮೇಣದ ಅಚ್ಚು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲಿ, ಬೆಂಗಳೂರಿನ ಕಿದ್ವಾಯಿಗೋ ಮುಂಬೈಯ ಟಾಟಾಕ್ಕೋ ಹೋಗಲಿ, ಅಲ್ಲಿನವರು ಸ್ಲೈಡು, ಬ್ಲಾಕು ತರಿಸಿ ತಾವೇ ಮತ್ತೊಮ್ಮೆ ನೋಡಲು ಬಯಸುತ್ತಾರೆ. ಈ ಕೇಂದ್ರದಲ್ಲಿ ಅರ್ಜಿ, ಗುರುತಿನ ಚೀಟಿ ಕೊಟ್ಟ ಮೇಲೂ ವಾರಕ್ಕಿಂತ ಹೆಚ್ಚು ಕಾಯಿಸುತ್ತಾರೆ. ಕೀಮೋ ತಡವಾಗುವುದಕ್ಕೆ ಇದು ಸಾಕು. ವರದಿ ಬಂದ ದಿನವೇ ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ. ಕೈಗೆ ಸಿಕ್ಕಮೇಲೆ ಬ್ಲಾಕನ್ನು ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಕೆಳಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ.