ಎದೆಮಟ್ಟದ ನೀರಿನಲ್ಲಿ 40 ನಿಮಿಷ: ಮುಲುಂಡ್‌ನ ಒಂದು ನೀರಿನ ವ್ಯಾಯಾಮದ ಬ್ಯಾಚ್

ಮಂಡಿ ಸವೆದವರು, ವರ್ಷಗಟ್ಟಲೆ ಸೊಂಟ ಹಿಡಿದವರು, ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಹುಕಾಲ ನೋಯುವ, ದಣಿಸುವ ಕಾಯಿಲೆ) ಇರುವವರು ‘ನಮಗೆ ಈಜು ಬರೋದಿಲ್ಲ’ ಎಂದು ನೀರಿನ ವ್ಯಾಯಾಮದಿಂದ ದೂರ ಉಳಿದುಬಿಡುತ್ತಾರೆ. ಈ ಬ್ಯಾಚಿಗೆ ಈಜು ಬೇಕಿಲ್ಲ, ತಲೆಯೂ ಒದ್ದೆಯಾಗುವುದಿಲ್ಲ. ಮುಂಬೈಯ ಮುಲುಂಡ್ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಫಿಸಿಯೋಥೆರಪಿ ಕೇಂದ್ರವೊಂದು ನಡೆಸುವ, ಛಾವಣಿ ಇರುವ ಚಿಕ್ಕ ಕೊಳ. ಒಮ್ಮೆಗೆ ಎಂಟು ಜನ, ವಾರಕ್ಕೆ ಮೂರು ದಿನ.

ಮೊದಲು ನೀರಿನ ಬಿಸಿ. ‘ಬಿಸಿನೀರಿನ ಕೊಳವೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ; ‘ಎಷ್ಟು ಡಿಗ್ರಿ, ಯಾವ ಹೊತ್ತಿನಲ್ಲಿ ಅಳೆದದ್ದು?’ ಎಂದು ಕೇಳಬೇಕು. ಈಜುವವರ ಕೊಳ ಸಾಮಾನ್ಯವಾಗಿ 26ರಿಂದ 28 ಡಿಗ್ರಿ ಇರುತ್ತದೆ. ಸತತ ಕೈಕಾಲು ಬಡಿಯುವವರಿಗೆ ಅದು ಸರಿ, ನಿಧಾನವಾಗಿ ಅಲುಗಾಡುವವರಿಗೆ ಅಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಸ್ನಾಯು ಸೆಟೆದುಕೊಳ್ಳುತ್ತದೆ, ಮರುದಿನ ನೋವು ಹೆಚ್ಚುತ್ತದೆ, ‘ನೀರು ಆಗಿಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಚಿಕಿತ್ಸೆಗೆಂದೇ ಕಟ್ಟಿದ ಕೊಳಗಳಲ್ಲಿ 33ರಿಂದ 35 ಡಿಗ್ರಿ ಇಡುತ್ತಾರೆ. ಇಲ್ಲಿ 32 ಇರುತ್ತದೆ. ಮಂಡಿ, ಸೊಂಟದವರಿಗೆ ಸಾಕು. ಫೈಬ್ರೊಮಯಾಲ್ಜಿಯಾದವರಿಗೆ ಇನ್ನೊಂದೆರಡು ಡಿಗ್ರಿ ಬೇಕೆನಿಸುತ್ತದೆ. ದೊಡ್ಡ ಕೊರತೆ ಬೇರೆ: ಭಾನುವಾರ ಹೀಟರ್ ಆರಿಸುತ್ತಾರೆ. ಸೋಮವಾರದ ಮೊದಲ ಬ್ಯಾಚಿಗೆ ನೀರು 29 ಡಿಗ್ರಿಯಷ್ಟೇ ಇರುತ್ತದೆ. ಸೋಮವಾರ ಹೋಗಲೇಬೇಕಿದ್ದರೆ 11 ಗಂಟೆಯ ಬ್ಯಾಚ್ ಹಿಡಿಯಿರಿ.

ಆಳದ ಲೆಕ್ಕ ಹೀಗೆ. ಸೊಂಟಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಅರ್ಧ, ಎದೆಮಟ್ಟದಲ್ಲಿ ಮೂರನೇ ಒಂದು ಪಾಲು, ಕುತ್ತಿಗೆಯವರೆಗೆ ಇಳಿದರೆ ಹತ್ತನೇ ಒಂದು ಪಾಲು. ಕೊಳ ಮೂರೂವರೆ ಅಡಿಯಿಂದ ನಾಲ್ಕೂವರೆ ಅಡಿಯವರೆಗೆ ಇಳಿಯುತ್ತದೆ. ಐದಡಿ ಎತ್ತರದವರಿಗೆ ಆಳ ಕಡಿಮೆ ಇರುವ ತುದಿಯೇ ಎದೆಮಟ್ಟ. ತಳ ಇಳಿಜಾರಾದ್ದರಿಂದ ಅಡ್ಡಕ್ಕೆ ನಿಂತರೆ ಒಂದು ಕಾಲು ಮೇಲೆ, ಒಂದು ಕೆಳಗೆ ಆಗಿ ಸೊಂಟ ವಾಲುತ್ತದೆ. ನಿಂತು ಮಾಡುವ ವ್ಯಾಯಾಮಕ್ಕೆ ಮೆಟ್ಟಿಲ ಪಕ್ಕದ ಸಮತಟ್ಟು ಜಾಗ ಹಿಡಿಯಬೇಕು, ಬೇಗ ಹೋದವರಿಗೆ ಅದು ಸಿಗುತ್ತದೆ.

ಕಲಿಸುವ ಕ್ರಮ ಚೆನ್ನಾಗಿದೆ. ಮೊದಲ ಐದು ನಿಮಿಷ ಕಂಬಿ ಹಿಡಿದು ನಡಿಗೆ: ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಹಿಂದಕ್ಕೆ ನಡೆಯುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಸೊಂಟದವರು ಇದನ್ನು ತಪ್ಪಿಸಬಾರದು. ಆಮೇಲೆ ಹಿಮ್ಮಡಿ ಎತ್ತುವುದು, ಕಾಲನ್ನು ಪಕ್ಕಕ್ಕೂ ಹಿಂದಕ್ಕೂ ಬೀಸುವುದು, ಕುರ್ಚಿಯಲ್ಲಿ ಕೂರುವಂತೆ ಅರ್ಧ ಬಗ್ಗಿ ಏಳುವುದು, ಒಂದೊಂದೂ 10 ಸಲ. ಹಾಡು ಹಾಕುವುದಿಲ್ಲ, ಇದು ದೊಡ್ಡ ಗುಣ. ನೀರಿನಲ್ಲಿ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ತಾಳದ ಬೆನ್ನು ಹತ್ತಿದವರು ತಮಗರಿವಿಲ್ಲದೆ ನಾಲ್ಕು ಪಟ್ಟು ಭಾರ ಎಳೆದಿರುತ್ತಾರೆ. ಕೈಗೂ ಇದೇ ಮಾತು: ಅಂಗೈಯನ್ನು ಕತ್ತಿಯ ಅಲಗಿನಂತೆ ತಿರುಗಿಸಿದರೆ ಹಗುರ, ಅಗಲಕ್ಕೆ ತೆರೆದರೆ ಭಾರ. ಇಷ್ಟು ಗೊತ್ತಿದ್ದರೆ ಫೋಮ್ ಡಂಬೆಲ್ ಬೇಕೇ ಆಗುವುದಿಲ್ಲ. ಸಂಧಿವಾತದ ಬೆರಳುಗಳಿಗೆ ಅದನ್ನು ಬಿಗಿಹಿಡಿಯುವುದೇ ಶಿಕ್ಷೆ, ಆದರೂ ಇಲ್ಲಿ ಎಲ್ಲರ ಕೈಗೂ ಕೊಡುತ್ತಾರೆ. ಬೇಡವೆನ್ನಿ. ಸೊಂಟಕ್ಕೆ ತೇಲುವ ಬೆಲ್ಟ್ ಕೇಳಿ.

ತರಬೇತುದಾರರು ಹಿಂದಿ, ಮರಾಠಿಯಲ್ಲಿ ಮಾತಾಡುತ್ತಾರೆ. ಊರಿನಿಂದ ಬಂದ ಅಮ್ಮ, ಅತ್ತೆಯರನ್ನು ಕಳಿಸುವವರು ನೋವಿನ ಮಾತುಗಳನ್ನು ಮೊದಲೇ ಹೇಳಿಕೊಟ್ಟಿರಬೇಕು. ಸ್ನಾಯು ಎಳೆದಂತಾದರೆ ಮುಂದುವರಿಸಬಹುದು. ಕೀಲಿನೊಳಗೆ ಚುಚ್ಚಿದರೆ, ಕಾಲಿಗಿಳಿದು ಜೋಮು ಹಿಡಿದರೆ ಅಲ್ಲೇ ನಿಲ್ಲಿಸಬೇಕು. ಜೋಮಿಗೆ ಮರಾಠಿಯಲ್ಲಿ ‘ಮುಂಗ್ಯಾ’ ಎಂದರೆ ತಕ್ಷಣ ಅರ್ಥವಾಗುತ್ತದೆ. ‘ದರ್ದ್’ ಎಂಬ ಒಂದೇ ಪದ ಎಲ್ಲಕ್ಕೂ ಸಾಲದು.

ನೀರಿನ ಒತ್ತಡದಿಂದ ಪಾದದ ಬಾವು ಇಳಿಯುತ್ತದೆ. ಅದೇ ಕಾರಣಕ್ಕೆ ಮೂತ್ರದ ಒತ್ತಡವೂ ಬರುತ್ತದೆ, ಇಳಿಯುವ ಮೊದಲೇ ಹೋಗಿಬನ್ನಿ. ಎದೆಯ ಮೇಲೂ ಒತ್ತಡ ಇರುವುದರಿಂದ ದಮ್ಮಿನವರು ಸೊಂಟಮಟ್ಟದಿಂದಲೇ ಶುರುಮಾಡಬೇಕು. ಆರದ ಗಾಯ, ಜ್ವರ, ಮೂತ್ರದ ಸೋಂಕು, ಹತೋಟಿಗೆ ಬಾರದ ಬಿಪಿ ಅಥವಾ ಫಿಟ್ಸ್ ಇದ್ದರೆ ಇಳಿಯಬಾರದು. ಹೃದಯದ ತೊಂದರೆ ಇರುವವರು ಡಾಕ್ಟರ ಒಪ್ಪಿಗೆ ಪಡೆದೇ ಬರಬೇಕು. ಕೇಂದ್ರ ಎಲ್ಲರಿಂದಲೂ ಡಾಕ್ಟರ ಚೀಟಿ ಕೇಳುತ್ತದೆ, ಬೇಸರಿಸಬೇಡಿ.

ಇಲ್ಲಿನ ನಿಜವಾದ ತಪ್ಪು ಹೊಸಬರ ವಿಷಯದಲ್ಲಿದೆ. ಮೊದಲ ದಿನವೇ ಪೂರ್ತಿ 40 ನಿಮಿಷ ಮಾಡಿಸುತ್ತಾರೆ. ನೀರಿನೊಳಗೆ ಮೈ ಹಗುರಾಗಿ ಎಲ್ಲವೂ ಆದೀತೆನಿಸುತ್ತದೆ, ಬೆಲೆ ಸಂಜೆ ತೆರಬೇಕಾಗುತ್ತದೆ. ಮೊದಲೆರಡು ವಾರ ‘ಇಪ್ಪತ್ತು ನಿಮಿಷ ಸಾಕು’ ಎಂದು ನೀವೇ ಖಡಾಖಂಡಿತ ಹೇಳಿ ಮೇಲೆ ಬನ್ನಿ. ಅಳತೆಗೋಲು ಹೀಗೆ: ಹೊರಬಂದು ಎರಡು ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮುಂದಿನ ಸಲ ಸಮಯವನ್ನೋ ವೇಗವನ್ನೋ ಇಳಿಸಬೇಕು.

ಹತ್ತಿಬರುವುದು ಇಳಿಯುವುದಕ್ಕಿಂತ ಕಷ್ಟ. ಒಂದೊಂದೇ ಮೆಟ್ಟಿಲಿಗೆ ತೂಕ ಮರಳುತ್ತದೆ. ಇಲ್ಲಿ ಗಿಡ್ಡನೆಯ ಐದು ಮೆಟ್ಟಿಲು, ಎರಡೂ ಕಡೆ ಕಂಬಿ ಇವೆ. ಇಡೀ ಕೊಳದಲ್ಲಿ ನಮಗೆ ಅತಿ ಮೆಚ್ಚಿಗೆಯಾದದ್ದು ಇದೇ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೇಲಿನ ಎರಡು ಮೆಟ್ಟಿಲಲ್ಲಿ ಅರ್ಧರ್ಧ ನಿಮಿಷ ನಿಲ್ಲಿ. ಆಳದ ತುದಿಯ ಕಬ್ಬಿಣದ ಏಣಿಯ ಹತ್ತಿರ ಹೋಗಬೇಡಿ, ಮಂಡಿಯ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಬಟ್ಟೆ ಬದಲಿಸುವ ಕೋಣೆ ಮಾತ್ರ ಕೆಟ್ಟದಾಗಿದೆ. ನುಣುಪು ಟೈಲ್ಸ್, ಒಂದೇ ಸ್ಟೂಲು, ಶವರ್ ಪಕ್ಕ ಹಿಡಿಯಲು ಏನೂ ಇಲ್ಲ. ಜಾರದ ರಬ್ಬರ್ ಚಪ್ಪಲಿಯನ್ನು ಕೊಳದ ಅಂಚಿನವರೆಗೂ ಹಾಕಿಕೊಂಡು ಹೋಗಿ. ಹತ್ತಿಯ ಸಲ್ವಾರ್ ಬಿಡುವುದಿಲ್ಲ, ಸರಿಯಾದ ನಿಯಮವೇ: ಹತ್ತಿ ನೀರು ಕುಡಿದು ಜೋತುಬೀಳುತ್ತದೆ, ಅದರ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಕಾಲು ಮುಚ್ಚುವ ನೈಲಾನ್ ಲೆಗ್ಗಿಂಗ್ ಹಾಕಬಹುದು. ಕೊಳದಲ್ಲಿ ಕ್ಲೋರಿನ್ ವಾಸನೆ ಅಷ್ಟಾಗಿಲ್ಲ. ಮೂಗಿಗೆ ಬಡಿಯುವ ವಾಸನೆ ಶುಚಿತ್ವದ ಗುರುತಲ್ಲ, ಬೆವರು, ಮೂತ್ರದ ಜೊತೆ ಕ್ಲೋರಿನ್ ಬೆರೆತ ಗುರುತು.

ಹಣ ತಿಂಗಳಿಗೆ ಮುಂಗಡ, ತಪ್ಪಿದ ದಿನ ತಪ್ಪಿದಂತೆಯೇ. ನೋವು ಕೆರಳಿದ ವಾರ ಮನೆಯಲ್ಲೇ ಉಳಿಯಬೇಕಾದವರಿಗೆ ಇದು ಅನ್ಯಾಯ. ಕೌಂಟರಿನಲ್ಲಿ ಪಟ್ಟು ಹಿಡಿದು ಕೇಳಿದರೆ ಹತ್ತು ಸಲದ ಕಾರ್ಡ್ ಕೊಡುತ್ತಾರೆ, ಅದು ಬೋರ್ಡಿನಲ್ಲಿ ಬರೆದಿಲ್ಲ.

ಸೇರುವ ದಿನ ಮನೆಯಲ್ಲಿ ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲಾಗುತ್ತದೆ ಎಂದು ಎಣಿಸಿ ಬರೆದಿಡಿ. ಆರು ವಾರದ ಮೇಲೆ ಮತ್ತೆ ಎಣಿಸಿ. ನೋವು ಅಷ್ಟೇ ಇದ್ದರೂ ಈ ಎಣಿಕೆ ಏರಬಹುದು, ಅದನ್ನು ಸಣ್ಣದೆಂದು ತಳ್ಳಬೇಡಿ. ಡೊಂಬಿವಲಿ, ಕಲ್ಯಾಣ್ ಕಡೆಯಿಂದ ಬರುವವರು ಮಾತ್ರ ಬೆಳಗಿನ ಎಂಟೂವರೆಯ ಬ್ಯಾಚ್ ಬೇಡವೆನ್ನಿ. ಆ ಹೊತ್ತಿನ ಲೋಕಲ್‌ನಲ್ಲಿ ನಿಂತು, ಜನರ ತಳ್ಳಾಟದಲ್ಲಿ ಸೇತುವೆಯ ಮೆಟ್ಟಿಲು ಹತ್ತಿಳಿದು ಬಂದ ಮಂಡಿಗೆ ನೀರಿನಲ್ಲಿ ಮಾಡಲು ತ್ರಾಣವೇ ಉಳಿದಿರುವುದಿಲ್ಲ.