ಟಾನ್ಸಿಲ್ ಆಪರೇಷನ್ ಆದ ಮಗುವಿಗೆ ಓಆರ್‌ಎಸ್ ಪುಡಿ: ದೊಡ್ಡ ಪ್ಯಾಕೆಟ್ ಬೇಡ, ಚಿಕ್ಕದು ತನ್ನಿ

ಓಆರ್‌ಎಸ್ ಎಂದರೆ ವಾಂತಿಭೇದಿಯಲ್ಲಿ ಮೈಯಿಂದ ಹೋದ ನೀರು, ಉಪ್ಪಿನಂಶ ತುಂಬಿಕೊಡಲು ನೀರಿಗೆ ಬೆರೆಸಿ ಕುಡಿಸುವ ಪುಡಿ. ಟಾನ್ಸಿಲ್ ತೆಗೆಸಿಕೊಂಡು ಮನೆಗೆ ಬಂದ ಮಗುವಿಗೆ ವಾಂತಿಭೇದಿಯಲ್ಲಿ ಆಗುವ ಹಾಗೆ ಉಪ್ಪಿನಂಶ ಹರಿದುಹೋಗುವುದಿಲ್ಲ. ನುಂಗಿದರೆ ನೋವು, ಅದಕ್ಕೇ ಕುಡಿಯುವುದಿಲ್ಲ, ಮೈಯ ನೀರು ಇಳಿಯುವುದು ಹಾಗೆ. ಎಳನೀರು, ತೆಳು ರಾಗಿ ಗಂಜಿ, ಹುಳಿಯಿಲ್ಲದ ಮಜ್ಜಿಗೆ ಇಳಿಯುತ್ತಿದ್ದರೆ ಓಆರ್‌ಎಸ್‌ಗೆ ಹಟ ಹಿಡಿಯಬೇಕಿಲ್ಲ. ಬೇರೇನೂ ಹೊಟ್ಟೆಗೆ ಸೇರದ ದಿನ ಮಾತ್ರ ಈ ಪುಡಿಗೆ ನಿಜವಾದ ಬೆಲೆ.

ಮೆಡಿಕಲ್ ಶಾಪಿನಲ್ಲಿ ಒಂದು ಲೀಟರಿನದೂ 200 ಮಿ.ಲೀ.ನದೂ ಸಿಗುತ್ತವೆ. ಎರಡರದೂ ಒಂದೇ ಸೂತ್ರ: ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಆದರೂ ಚಿಕ್ಕದೇ ಮೇಲು. ದೊಡ್ಡದನ್ನು ಒಡೆದವರು ಅಂದಾಜಿನಲ್ಲಿ ಕಾಲುಭಾಗ ಸುರಿಯುತ್ತಾರೆ, ಉಳಿದದ್ದು ತೇವ ಹಿಡಿದು ಗಂಟಾಗುತ್ತದೆ. ಬೆರೆಸುವ ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಬಾಯಾರಿಕೆಯೂ ವಾಂತಿಯೂ ಹೆಚ್ಚುತ್ತವೆ. ಕುದಿಸಿ ಆರಿಸಿದ 200 ಮಿ.ಲೀ. ನೀರಿಗೆ ಇಡೀ ಚಿಕ್ಕ ಪ್ಯಾಕೆಟ್ ಸುರಿಯಿರಿ. ಸಕ್ಕರೆ, ಹಾಲು, ಜ್ಯೂಸ್ ಬೆರೆಸಬೇಡಿ, ಬೆರೆಸಿದ ಮೇಲೆ ಕಾಯಿಸಬೇಡಿ. 24 ಗಂಟೆ ದಾಟಿದ್ದನ್ನು ಚೆಲ್ಲಿ.

ಲೋಟ ತುಂಬ ಕೊಟ್ಟು 'ಕುಡಿ' ಅಂದರೆ ಮಗು ಮುಖ ತಿರುಗಿಸುತ್ತದೆ. ಐದು ನಿಮಿಷಕ್ಕೆ 10 ಮಿ.ಲೀ. ಸಾಕು. ಸಿರಪ್ ಬಾಟಲಿಯ ಮೇಲಿನ ಆ ಪುಟ್ಟ ಅಳತೆ ಮುಚ್ಚಳವೇ ಇದಕ್ಕೆ ಸರಿಯಾದ ಲೋಟ. ಹಾಗೆ ಗಂಟೆಗೆ 120 ಮಿ.ಲೀ. ಆಗುತ್ತದೆ. 20 ಕೆಜಿಯ ಮಗುವಿಗೆ ದಿನಕ್ಕೆ ಬೇಕಾದದ್ದು ಎಲ್ಲ ದ್ರವ ಸೇರಿ ಸುಮಾರು 1500 ಮಿ.ಲೀ., 15 ಕೆಜಿಗೆ 1250. ಬಾಯಿ ತೆರೆಯದಿದ್ದರೆ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನಿಂದ ಕೆನ್ನೆ ಮತ್ತು ಹಲ್ಲಿನ ನಡುವೆ ನಿಧಾನ ಬಿಡಿ. ಗಂಟಲಿನ ಕಡೆ ಚಿಮ್ಮಿಸಿದರೆ ಕೆಮ್ಮು ಬರುತ್ತದೆ, ಗಾಯಕ್ಕೂ ಪೆಟ್ಟು.

ಯಾವ ಓಆರ್‌ಎಸ್ ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು. ವೈದ್ಯರು ಬರೆದ ಪ್ಯಾರಾಸಿಟಮಾಲ್ ಕೊಟ್ಟು ಅರ್ಧ ಗಂಟೆ ಬಿಟ್ಟು ಕುಡಿಸಿ. ಪ್ರತಿ ಡೋಸಿನ ನಂತರ ನೋವು ಕಡಿಮೆಯಿರುವ ಎರಡು-ಮೂರು ತಾಸುಗಳಲ್ಲೇ ದಿನದ ಬಹುಪಾಲು ಒಳಗೆ ಹೋಗಬೇಕು. ಇಲ್ಲೊಂದು ಅಪಾಯ: ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಬಾಟಲಿ ಬದಲಾದರೆ ಡೋಸ್ ಅರ್ಧವೋ ಇಮ್ಮಡಿಯೋ ಆಗಿಬಿಡುತ್ತದೆ. ನೋವು ಮೂರನೇ ದಿನದಿಂದ ವಾರದವರೆಗೂ ಜೋರು, 'ನಿನ್ನೆ ಚೆನ್ನಾಗಿತ್ತು' ಎಂದು ಔಷಧ ನಿಲ್ಲಿಸಬೇಡಿ. ಬಾಯಲ್ಲಿ ಉಸಿರಾಡಿ ರಾತ್ರಿಯೆಲ್ಲ ಗಂಟಲು ಒಣಗಿರುವುದರಿಂದ ಬೆಳಗಿನ ಮೊದಲ ಗುಟುಕೇ ಕಷ್ಟದ್ದು. ನಡುರಾತ್ರಿ ಒಮ್ಮೆ ಎಬ್ಬಿಸಿ ನಾಲ್ಕು ಚಮಚ ಕುಡಿಸಿ.

ಈ ಪುಡಿಯ ಕೊರತೆ ರುಚಿ. ಉಪ್ಪುಪ್ಪಾಗಿರುತ್ತದೆ, ಬೆಚ್ಚಗಿದ್ದರೆ ಬಾಯಿಗೆ ಇನ್ನೂ ಹಿಡಿಸುವುದಿಲ್ಲ. ಚೆನ್ನಾಗಿ ತಣ್ಣಗೆ ಮಾಡಿ, ಇಲ್ಲವೇ ಸರಿಯಾಗಿ ಬೆರೆಸಿ ಐಸ್ ಟ್ರೇನಲ್ಲಿ ಗಟ್ಟಿ ಮಾಡಿ ಚೀಪಲು ಕೊಡಿ. ತಂಪು ನೋವನ್ನೂ ತಗ್ಗಿಸುತ್ತದೆ. ಕೆಂಪು ಬಣ್ಣದ ಫ್ಲೇವರ್ ತರಬೇಡಿ, ವಾಂತಿಯಾದರೆ ಅದು ಬಣ್ಣವೋ ರಕ್ತವೋ ತಿಳಿಯದೆ ಒದ್ದಾಡಬೇಕಾಗುತ್ತದೆ.

ಅಂಗಡಿಯಲ್ಲಿ ಪಕ್ಕದಲ್ಲೇ ಇಟ್ಟಿರುವ ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್‌ಗಳನ್ನು ಓಆರ್‌ಎಸ್ ಅಂದುಕೊಳ್ಳಬೇಡಿ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪಿನಂಶ ಕಡಿಮೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸುವಂತಿಲ್ಲ ಎಂದು ಆದೇಶಿಸಿತು. ಪ್ಯಾಕೆಟ್ ಮೇಲೆ ಓರಲ್ ರೀಹೈಡ್ರೇಷನ್ ಸಾಲ್ಟ್ಸ್ ಐಪಿ (ಐಪಿ ಎಂದರೆ ಇಂಡಿಯನ್ ಫಾರ್ಮಕೋಪಿಯಾ, ಭಾರತದ ಔಷಧ ಗುಣಮಟ್ಟದ ಗ್ರಂಥ) ಎಂದಿದೆಯೇ ನೋಡಿಕೊಳ್ಳಿ.

ಎಂಟು ಗಂಟೆ ಮೂತ್ರವಾಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಗು ಮಂಕಾಗಿದ್ದರೆ ಚಮಚದ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು. ಗಂಟಲಿನ ಬಿಳಿ ಪೊರೆ ಕೀವಲ್ಲ. ಅದು ಐದರಿಂದ ಹತ್ತನೇ ದಿನದೊಳಗೆ ಕಳಚುತ್ತದೆ, ರಕ್ತಸ್ರಾವದ ಭಯವೂ ಆಗ ಹೆಚ್ಚು. ನಿದ್ದೆಯಲ್ಲೂ ಮಗು ಪದೇ ಪದೇ ಗುಟಕ್ ಗುಟಕ್ ಎಂದು ನುಂಗುತ್ತಿದ್ದರೆ ಟಾರ್ಚ್ ಹಿಡಿದು ಬಾಯಿ ನೋಡಿ. ಕೆಂಪು ರಕ್ತ ಕಂಡರೆ ಅಥವಾ ಕಾಫಿ ಬಣ್ಣದ ವಾಂತಿಯಾದರೆ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಉಗುಳಲು ಹೇಳಿ ತಕ್ಷಣ ಹೊರಡಿ. ದಾರಿಯಲ್ಲಿ ಓಆರ್‌ಎಸ್ ಕೂಡ ಕುಡಿಸಬೇಡಿ, ಮತ್ತೆ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿಯಿರಬೇಕು.